ಆಕಾಶದಲ್ಲಿ ನಲವತ್ತು ನಿಮಿಷ, ನೆಲದ ಮೇಲೆ ಇಡೀ ದಿನ

ನಮ್ಮ ಓಣಿಯ ಹುಡುಗನೊಬ್ಬ ಮೊನ್ನೆ ಸಂಜೆ ಫೋನು ಹಿಡಿದುಕೊಂಡು ಬಂದ. ಡಿಗ್ರಿ ಓದುವ ಹುಡುಗ, ಚುರುಕು. "ಸಾರ್, ನೋಡ್ರಿ ಇಲ್ಲಿ. ತೋರಣಗಲ್ಲಿನಿಂದ ಕರ್ನೂಲಿಗೆ ವಿಮಾನದಾಗ ನಲವತ್ತು ನಿಮಿಷ ಅಂತ ಐತೆ. ನಾವು ಬಸ್ಸಿನಾಗ ಕರ್ನೂಲಿಗೆ ಹೋಗಾಕ ಮೂರು ತಾಸು ಬಡಕೋತೀವಿ" ಎಂದ. ನಾನು ಕನ್ನಡಕ ಏರಿಸಿ ನೋಡಿದೆ. ಅಂತರ ಸುಮಾರು 175 ಕಿಲೋಮೀಟರು, ಹಾರಾಟದ ವೇಳೆ ಇಷ್ಟು ಎಂದು ನೀಟಾಗಿ ಬರೆದಿತ್ತು. "ಸರಿ ಕಣಯ್ಯಾ, ಆ ವಿಮಾನ ಎಷ್ಟು ಗಂಟೆಗೆ ಹೊರಡ್ತದೆ?" ಎಂದು ಕೇಳಿದೆ. ಹುಡುಗ ಬೆರಳಾಡಿಸಿ ಹುಡುಕಿದ, ಮತ್ತೆ ಹುಡುಕಿದ. ಕೊನೆಗೆ ತಲೆ ಕೆರೆದುಕೊಂಡು, "ಅಂಥಾ ವಿಮಾನಾನೇ ಇಲ್ಲ ಸಾರ್" ಎಂದ.

ಇಬ್ಬರೂ ನಕ್ಕೆವು. ಆದರೆ ಅವನು ಹೋದ ಮೇಲೆ ನನಗೆ ನಗು ಉಳಿಯಲಿಲ್ಲ. ಇಲ್ಲದ ವಿಮಾನಕ್ಕೆ ಇರುವ ವೇಳೆ ಎಂದರೆ ಏನು? ಆ ನಲವತ್ತು ನಿಮಿಷದ ಲೆಕ್ಕದಲ್ಲಿ ನಮ್ಮ ಆದವಾನಿ, ಆಲೂರು, ಹೊಳಗುಂದ, ಕೌತಾಳಂ, ಕೋಸಿಗಿ ಕಡೆಯ ಜನ ಎಲ್ಲಿ ಬರುತ್ತಾರೆ? ಈ ಸಲದ ಗಡಿ ಪುಟದಲ್ಲಿ ಈ ಲೆಕ್ಕವನ್ನೇ ಸ್ವಲ್ಪ ಬಿಡಿಸಿ ನೋಡೋಣ ಅನ್ನಿಸಿತು. ಓದುಗರು ಬೇಸರಪಡಬಾರದು. ಲೆಕ್ಕ ಸಣ್ಣದು, ಅದರ ಹಿಂದಿನ ಸಂಕಟ ಸಣ್ಣದಲ್ಲ.

ಮೊದಲು ಭೂಪಟ ತೆಗೆಯೋಣ. ಪಶ್ಚಿಮಕ್ಕೆ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ ವಿದ್ಯಾನಗರ ವಿಮಾನ ನಿಲ್ದಾಣ. ಉಕ್ಕಿನ ಕಾರ್ಖಾನೆಯವರು ಕಟ್ಟಿಕೊಂಡದ್ದು. ಪೂರ್ವಕ್ಕೆ ಕರ್ನೂಲು-ನಂದ್ಯಾಲ ರಸ್ತೆಯ ಓರ್ವಕಲ್ಲಿನಲ್ಲಿ ಕರ್ನೂಲು ವಿಮಾನ ನಿಲ್ದಾಣ. ಬ್ರಿಟಿಷರ ವಿರುದ್ಧ ಎದ್ದು 1847ರಲ್ಲಿ ಗಲ್ಲಿಗೇರಿದ ಉಯ್ಯಾಲವಾಡ ನರಸಿಂಹ ರೆಡ್ಡಿಯವರ ಹೆಸರು ಅದಕ್ಕೆ. ಈ ಎರಡು ಚುಕ್ಕೆಗಳ ನಡುವೆ ಸ್ಕೇಲು ಇಟ್ಟು ಗೆರೆ ಎಳೆಯಿರಿ. ಗೆರೆ ಬಳ್ಳಾರಿಯನ್ನು ಬಲಕ್ಕೆ ಬಿಟ್ಟು, ಹಗರಿ ಹೊಳೆ ದಾಟಿ, ರಾಜ್ಯದ ಗಡಿ ದಾಟಿ, ಆಲೂರಿನ ನೆತ್ತಿಯ ಮೇಲೆ ಹಾದು, ದೇವನಕೊಂಡದ ಮಗ್ಗುಲಿಂದ ಓರ್ವಕಲ್ಲು ಮುಟ್ಟುತ್ತದೆ. ಆದವಾನಿ ಊರು ಈ ಗೆರೆಗೆ ಸ್ವಲ್ಪ ಉತ್ತರಕ್ಕೆ ಉಳಿಯುತ್ತದೆ. ಆದವಾನಿಯಿಂದ ತೋರಣಗಲ್ಲಿನ ನಿಲ್ದಾಣ ನೇರ ಅಳತೆಯಲ್ಲಿ ಸುಮಾರು 85 ಕಿ.ಮೀ., ಓರ್ವಕಲ್ಲು ಸುಮಾರು 95 ಕಿ.ಮೀ. ಅಂದರೆ ಎರಡು ವಿಮಾನ ನಿಲ್ದಾಣಗಳ ನಟ್ಟ ನಡುವೆ ನಾವಿದ್ದೇವೆ. ಯಾವುದೂ ನಮ್ಮದಲ್ಲ ಅನ್ನುವಷ್ಟು ಸರಿಯಾಗಿ ನಡುವೆ ಇದ್ದೇವೆ.

ಇನ್ನು ವೇಳೆಯ ಲೆಕ್ಕ. ಇಂಥ ಸಣ್ಣ ಊರುಗಳಿಗೆ ಸಾಮಾನ್ಯವಾಗಿ ಬರುವುದು ಎಪ್ಪತ್ತು ಎಂಬತ್ತು ಸೀಟಿನ, ರೆಕ್ಕೆಗೆ ಫ್ಯಾನು ಕಟ್ಟಿದ ಎಟಿಆರ್ ವಿಮಾನ. ಮೇಲೇರಿ ನೆಟ್ಟಗೆ ಹಾರುವಾಗ ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಆ ವೇಗದಲ್ಲಿ 175 ಕಿ.ಮೀ.ಗೆ ಇಪ್ಪತ್ತೊಂದು ನಿಮಿಷ ಸಾಕು. ಆದರೆ ವಿಮಾನ ಮನೆಯಂಗಳದಿಂದ ಕಾಗೆಯ ಹಾಗೆ ಹಾರುವುದಿಲ್ಲ. ನಿಂತ ಜಾಗದಿಂದ ರನ್‌ವೇ ತುದಿಗೆ ಹೋಗಬೇಕು, ಗಾಳಿಗೆ ಎದುರಾಗಿ ಏರಬೇಕು, ದಿಕ್ಕು ತಿರುಗಬೇಕು, ಇಳಿಯುವ ಊರಿನ ಹತ್ತಿರ ವೇಗ ತಗ್ಗಿಸಿ ಸಾಲಿಗೆ ಬರಬೇಕು, ಇಳಿದು ನಿಲ್ಲುವ ಜಾಗಕ್ಕೆ ಬರಬೇಕು. ಗಾಲಿಗೆ ಇಟ್ಟ ಅಡ್ಡ ತೆಗೆದಾಗಿನಿಂದ ಮತ್ತೆ ಅಡ್ಡ ಇಡುವ ತನಕ ಲೆಕ್ಕ ಹಿಡಿದರೆ ನಲವತ್ತು ನಿಮಿಷ, ಕೆಲವೊಮ್ಮೆ ಮುಕ್ಕಾಲು ಗಂಟೆ. ದೂರ ಎಷ್ಟೇ ಕಡಿಮೆಯಾದರೂ ಈ ಏರುವ ಇಳಿಯುವ ಖರ್ಚು ಕಡಿಮೆಯಾಗುವುದಿಲ್ಲ. ಆದ್ದರಿಂದಲೇ ಸಮೀಪದ ಊರುಗಳ ನಡುವೆ ವಿಮಾನ ಹಾರಿಸುವುದು ಯಾವ ಕಂಪನಿಗೂ ಗಿಟ್ಟುವ ವ್ಯಾಪಾರವಲ್ಲ. ಎಣ್ಣೆ ಸುಡುವುದು ಏರುವಾಗಲೇ ಹೆಚ್ಚು.

ಹಾಗಾಗಿ ತೋರಣಗಲ್ಲಿನಿಂದ ಓರ್ವಕಲ್ಲಿಗೆ ವಿಮಾನದಲ್ಲೇ ಹೋಗುತ್ತೇನೆ ಎಂದು ಯಾರಾದರೂ ಹಟ ಹಿಡಿದರೆ ಬೆಂಗಳೂರಿನ ಮೇಲೆ ಹೋಗಬೇಕು. ತೋರಣಗಲ್ಲಿನಿಂದ ಬೆಂಗಳೂರಿಗೆ ಆಕಾಶದಲ್ಲಿ ಸುಮಾರು 250 ಕಿ.ಮೀ., ಅಲ್ಲಿಂದ ಓರ್ವಕಲ್ಲಿಗೆ ಸುಮಾರು 280. ಒಟ್ಟು 530. ಮೂರು ಪಟ್ಟು ದೂರ, ನಡುವೆ ಕಾಯುವುದು ಬೇರೆ. ಕಾರು ಹಿಡಿದರೆ ಇನ್ನೂರು ಚಿಲ್ಲರೆ ಕಿಲೋಮೀಟರು ರಸ್ತೆ, ನಾಲ್ಕೈದು ತಾಸು. ನಡುವೆ ಆಲೂರಿನಲ್ಲಿ ಇಳಿದು ಚಹಾ ಕುಡಿಯಬಹುದು.

ಈ ಎರಡು ನಿಲ್ದಾಣಗಳ ಚರಿತ್ರೆಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ಸಣ್ಣ ಊರಿಗೂ ವಿಮಾನ ಬರಲಿ ಎಂದು ಕೇಂದ್ರ ಸರಕಾರ 2016ರಲ್ಲಿ ಉಡಾನ್ ಯೋಜನೆ ತಂದಿತು. ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಮಿತಿಯ ದರದಲ್ಲಿ ಕೆಲವು ಸೀಟು, ಕಂಪನಿಗೆ ಬೀಳುವ ನಷ್ಟಕ್ಕೆ ಮೂರು ವರ್ಷ ಸರಕಾರದ ನೆರವು. ಅದರಡಿ 2017ರಲ್ಲಿ ತೋರಣಗಲ್ಲಿಗೆ ಟ್ರೂಜೆಟ್ ವಿಮಾನ ಬಂತು. 2022ರಲ್ಲಿ ಆ ಕಂಪನಿಯೇ ಹಾರಾಟ ನಿಲ್ಲಿಸಿತು. ಆಮೇಲೆ ಬೇರೆ ಕಂಪನಿಗಳು ಬಂದವು. ಇತ್ತ ಓರ್ವಕಲ್ಲಿನ ನಿಲ್ದಾಣಕ್ಕೆ 2019ರ ಜನವರಿಯಲ್ಲಿ ಒಮ್ಮೆ ಉದ್ಘಾಟನೆಯಾಯಿತು, ವಿಮಾನ ಬರಲಿಲ್ಲ. 2021ರ ಮಾರ್ಚ್ 25ರಂದು ಇನ್ನೊಮ್ಮೆ ಉದ್ಘಾಟನೆಯಾಗಿ, ಮಾರ್ಚ್ 28ರಂದು ಬೆಂಗಳೂರು, ಚೆನ್ನೈ, ವಿಶಾಖಪಟ್ಟಣಗಳಿಗೆ ಹಾರಾಟ ಶುರುವಾಯಿತು. 2025ರ ಜುಲೈಯಲ್ಲಿ ವಿಜಯವಾಡಕ್ಕೂ ವಿಮಾನ ಬಂತು. ಉಡಾನ್ ಯೋಜನೆ ಪ್ರಕಟವಾದಾಗ ಬಯಲು ಸೀಮೆಯ ಮಾರ್ಗಗಳಿಗೆ 200ರಿಂದ 800 ಕಿ.ಮೀ. ಎಂಬ ಅಳತೆ ಇಟ್ಟಿದ್ದರು. ನಮ್ಮ ಈ ಎರಡು ನಿಲ್ದಾಣಗಳ ನಡುವಿನ 175 ಕಿ.ಮೀ. ಆ ಅಳತೆಯೊಳಗೂ ಬೀಳಲಿಲ್ಲ.

ಇದೆಲ್ಲ ಸರಿ, ವಿಮಾನ ಹತ್ತುವವರು ಎಷ್ಟು ಮಂದಿ, ಅದಕ್ಕೊಂದು ಸಂಪಾದಕೀಯ ಬೇಕೇ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಓಣಿಯಲ್ಲೇ ನಡೆದ ಒಂದು ಸಂಗತಿ ನನ್ನ ಬಾಯಿ ಮುಚ್ಚಿಸಿತು.

ಪಕ್ಕದ ಮನೆಯಲ್ಲಿ ಅಣ್ಣ ತಮ್ಮ ಇಬ್ಬರು. ಹತ್ತಿ ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆದು ಬಾಳಿದವರು. ಒಬ್ಬಳೇ ತಂಗಿ, ಬೆಂಗಳೂರಿಗೆ ಕೊಟ್ಟದ್ದು. ಒಂದು ದಿನ ನಸುಕಿನ ಹೊತ್ತಿಗೆ ಫೋನು ಬಂತು. ತಂಗಿ ಆಸ್ಪತ್ರೆಯಲ್ಲಿ, ಸ್ಥಿತಿ ಚೆನ್ನಾಗಿಲ್ಲ, ಬೇಗ ಹೊರಡಿ ಎಂದು. ಇಬ್ಬರೂ ನನ್ನ ಬಾಗಿಲಿಗೆ ಬಂದರು. ತಮ್ಮ ಅಂದ: "ಬೆಳಗಿನ ರೈಲು ಸಿಗ್ತೈತೆ, ಸೀಟು ಸಿಗಲಿ ಬಿಡಲಿ ನಿಂತಾದ್ರೂ ಹೋಗೋಣ." ಅಣ್ಣನಿಗೆ ಅರವತ್ತೈದು ದಾಟಿದೆ, ಮೊಣಕಾಲು ನೋವು. ನಾನು ದೊಡ್ಡ ತಿಳುವಳಿಕಸ್ಥನ ಹಾಗೆ ಅಂದೆ: "ಅಣ್ಣಾ, ನೀವು ನಿಂತುಕೊಂಡು ಹೋಗೋದು ಬ್ಯಾಡ. ಕರ್ನೂಲಿನಿಂದ ವಿಮಾನ ಐತೆ, ಬೆಂಗಳೂರಿಗೆ ಒಂದೇ ತಾಸು. ಇವತ್ತು ಸೀಟೂ ಐತೆ." ಟಿಕೇಟು ನಾನೇ ತೆಗೆಸಿದೆ. ಕಾರು ನಾನೇ ಮಾತಾಡಿಕೊಟ್ಟೆ.

ತಮ್ಮ ಸ್ಟೇಷನ್ನಿಗೆ ಓಡಿದ. ಜನರಲ್ ಡಬ್ಬಿಯಲ್ಲಿ ಬಾಗಿಲ ಹತ್ತಿರ ನಿಂತು, ಗುಂತಕಲ್ಲು ದಾಟಿದ ಮೇಲೆ ಒಂದು ಮೂಲೆಯಲ್ಲಿ ಕೂತು, ಧರ್ಮಾವರ, ಹಿಂದೂಪುರ, ಯಲಹಂಕ ಹಾದು, ಮಧ್ಯಾಹ್ನ ಊಟದ ಹೊತ್ತು ಮೀರುವಷ್ಟರಲ್ಲಿ ಬೆಂಗಳೂರು ಮುಟ್ಟಿದ. ಅಣ್ಣನ ವಿಮಾನ ಹೊರಡುವುದೇ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಕಾರು ಹತ್ತಿ, ಎಮ್ಮಿಗನೂರು, ಕೋಡುಮೂರು ದಾಟಿ, ಕರ್ನೂಲು ಹೊಕ್ಕು ಹೊರಬಿದ್ದು, ಓರ್ವಕಲ್ಲಿನಲ್ಲಿ ಕೂತು ಕಾದರು. ಯಾರದೂ ತಪ್ಪಿಲ್ಲ. ವಿಮಾನ ಸಮಯಕ್ಕೆ ಹೊರಟಿತು, ಸಮಯಕ್ಕೆ ಇಳಿಯಿತು, ಒಂದು ತಾಸಿನ ಮಾತು ಸುಳ್ಳಾಗಲಿಲ್ಲ. ಇಳಿದ ಮೇಲೆ ಊರೊಳಗೆ ಬರಲು ಸಂಜೆಯ ಗಾಡಿ ಸಂತೆಯಲ್ಲಿ ಎರಡು ತಾಸು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ದೀಪ ಹಚ್ಚಿದ್ದರು.

ತಮ್ಮ ತಂಗಿಯ ಕೈ ಹಿಡಿದು ಮಾತಾಡಿದ. ಅಣ್ಣ ನೋಡಿದ್ದು ಮುಖ ಮಾತ್ರ.

ಊರಿಗೆ ಬಂದ ಮೇಲೆ ಆ ಹಿರಿಯರು ನನಗೆ ಒಂದು ಬಿರುಸು ಮಾತು ಆಡಲಿಲ್ಲ. ಕಟ್ಟೆಯ ಮೇಲೆ ಕೂತು ಇಷ್ಟೇ ಕೇಳಿದರು: "ಒಂದು ತಾಸು ಅಂದಿದ್ದೆಲ್ಲ ತಮ್ಮಾ, ಆ ತಾಸು ಯಾರದು?" ನಾನು ಉತ್ತರ ಕೊಡಲಿಲ್ಲ. ಈ ಬರಹ ಅದಕ್ಕೆ ಕೊಡಬೇಕಾದ ಉತ್ತರ.

ಆ ತಾಸು ವಿಮಾನದ್ದು, ನಮ್ಮದಲ್ಲ. ಎರಡು ನಿಲ್ದಾಣಗಳ ನಡುವಿನ ವೇಳೆಯನ್ನೇ ಪಯಣದ ವೇಳೆ ಎಂದು ನಂಬಿದ್ದು ನನ್ನ ತಪ್ಪು. ಯಾರೂ ವಿಮಾನ ನಿಲ್ದಾಣದಲ್ಲಿ ವಾಸ ಮಾಡುವುದಿಲ್ಲ. ಪಯಣ ಶುರುವಾಗುವುದು ಮನೆಯ ಹೊಸ್ತಿಲಲ್ಲಿ, ಮುಗಿಯುವುದು ಇನ್ನೊಂದು ಹೊಸ್ತಿಲಲ್ಲಿ. ಆ ಲೆಕ್ಕ ಹಾಕಿ ನೋಡಿ. ಆದವಾನಿಯಿಂದ ಕರ್ನೂಲಿಗೆ ರಸ್ತೆಯಲ್ಲಿ ನೂರು ಕಿ.ಮೀ. ಹತ್ತಿರ, ಬಸ್ಸಿನಲ್ಲಿ ಮೂರು ತಾಸು. ಕರ್ನೂಲಿನಿಂದ ಓರ್ವಕಲ್ಲಿಗೆ ಬಸ್ಸೋ ಆಟೋ ಹುಡುಕಿ ಹೋಗಲು ಒಂದು ತಾಸು. ಮುಂಚಿತವಾಗಿ ಹೋಗಿ ತಪಾಸಣೆಗೆ ನಿಲ್ಲಲು ಒಂದೂವರೆ ತಾಸು. ಹಾರಾಟ ಒಂದು ತಾಸಿಗೆ ಸ್ವಲ್ಪ ಮೇಲೆ. ಬೆಂಗಳೂರಿನಲ್ಲಿ ಇಳಿದು ಸಾಮಾನು ತೆಗೆದುಕೊಂಡು ಮೆಜೆಸ್ಟಿಕ್ ಮುಟ್ಟಲು ಎರಡು ತಾಸು. ಕೂಡಿಸಿದರೆ ಎಂಟೂವರೆ ತಾಸು. ಆದವಾನಿಯಲ್ಲಿ ಹತ್ತಿದ ಎಕ್ಸ್‌ಪ್ರೆಸ್ ರೈಲು ಏಳು ತಾಸಿನ ಆಚೀಚೆ ಊರ ನಡುವೆ ತಂದು ಇಳಿಸುತ್ತದೆ. 500 ಕಿ.ಮೀ. ವೇಗದ ವಿಮಾನವನ್ನು 1871ರಲ್ಲಿ ಮುಂಬಯಿ-ಮದರಾಸು ಕೂಡಿಸಿದ ಹಳೇ ರೈಲು ದಾರಿ ಸೋಲಿಸುತ್ತದೆ ಎಂದರೆ ನಂಬಲೇಬೇಕು.

ಇನ್ನೊಂದು ವಿಚಿತ್ರ ಗಮನಿಸಿ. ಆದವಾನಿಯಿಂದ ಬೆಂಗಳೂರಿನ ವಿಮಾನ ನಿಲ್ದಾಣ ನೇರ ಅಳತೆಯಲ್ಲಿ ಸುಮಾರು 270 ಕಿ.ಮೀ. ಓರ್ವಕಲ್ಲಿನಿಂದ ಅದೇ ನಿಲ್ದಾಣ ಸುಮಾರು 280 ಕಿ.ಮೀ. ಅಂದರೆ ನಾವು ಅರ್ಧ ದಿನ ಕಳೆದು, ಕಾರಿಗೆ ದುಡ್ಡು ಸುರಿದು, ಓರ್ವಕಲ್ಲು ಮುಟ್ಟಿದಾಗ ಬೆಂಗಳೂರಿಗೆ ಒಂದು ಹೆಜ್ಜೆಯೂ ಹತ್ತಿರವಾಗಿರುವುದಿಲ್ಲ. ಹತ್ತು ಕಿಲೋಮೀಟರು ದೂರವೇ ಸರಿದಿರುತ್ತೇವೆ. ತೆಂಕಣಕ್ಕೆ ಹೋಗಬೇಕಾದವನು ಮೂಡಣಕ್ಕೆ ನೂರು ಕಿಲೋಮೀಟರು ನಡೆದ ಹಾಗೆ.

ಲೆಕ್ಕದಲ್ಲಿ ಯಾರೂ ಬರೆಯದ ಇನ್ನೊಂದು ಕಲಮೂ ಇದೆ. ಅದು ಕಾಯುವ ಹೊತ್ತು. ವಿಮಾನ ಹಾರುವುದು ಅದರ ಹೊತ್ತಿಗೆ, ನಮ್ಮ ಹೊತ್ತಿಗಲ್ಲ. ದಿನಕ್ಕೊಂದು, ಇಲ್ಲವೇ ವಾರಕ್ಕೆ ಮೂರು ನಾಲ್ಕು ಸಲ ಹಾರುವ ವಿಮಾನ ಎಷ್ಟೇ ವೇಗದ್ದಾದರೂ, ತುರ್ತಿಗೆ ಸಿಗುವುದು ಅದೃಷ್ಟವಿದ್ದರೆ ಮಾತ್ರ. ಮಾರ್ಚ್ ಕೊನೆಗೆ ಬೇಸಿಗೆಯ ವೇಳಾಪಟ್ಟಿ, ಅಕ್ಟೋಬರ್ ಕೊನೆಗೆ ಚಳಿಗಾಲದ್ದು. ವರ್ಷಕ್ಕೆರಡು ಸಲ ಎಲ್ಲ ಬದಲಾಗುತ್ತದೆ. ವೇಗಕ್ಕಿಂತ ದಿನಕ್ಕೆ ಎಷ್ಟು ಸಲ ಎಂಬುದೇ ದೊಡ್ಡದು. ಹಳ್ಳಿಯ ಬಸ್ಸು ಕಾದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹಾಗೆಂದು ಓರ್ವಕಲ್ಲಿನ ನಿಲ್ದಾಣವೇ ದಂಡ ಎಂದರೆ ಅನ್ಯಾಯದ ಮಾತಾದೀತು. ವಿಶಾಖಪಟ್ಟಣಕ್ಕೆ ಅಲ್ಲಿಂದ ಆಕಾಶದಲ್ಲಿ 580 ಕಿ.ಮೀ. ಹತ್ತಿರ. ರೈಲಿನಲ್ಲಾದರೆ ಒಂದು ರಾತ್ರಿಯ ಮೇಲೆ. ಅಮರಾವತಿಯ ಕಚೇರಿಗಳಿಗೆ ಅಲೆಯುವವರಿಗೆ ವಿಜಯವಾಡದ ವಿಮಾನ ಉಪಕಾರವೇ. ದೂರ ಹೆಚ್ಚಾದಷ್ಟೂ ವಿಮಾನ ಗೆಲ್ಲುತ್ತದೆ, ಕಡಿಮೆಯಾದಷ್ಟೂ ನೆಲ ಗೆಲ್ಲುತ್ತದೆ. ನಮ್ಮ ಕಡೆಯ ಜನಕ್ಕೆ ದಿನ ಬೆಳಗಾದರೆ ಬೇಕಾದದ್ದು ಬಳ್ಳಾರಿ, ರಾಯಚೂರು, ಬೆಂಗಳೂರು, ಹೈದರಾಬಾದು. ಇವೆಲ್ಲ ನೆಲ ಗೆಲ್ಲುವ ದೂರಗಳೇ.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ನಮ್ಮ ಮುಖ ಯಾವ ಕಡೆ ಎಂಬ ಪ್ರಶ್ನೆ ವಿಮಾನದ ಜೊತೆ ಹುಟ್ಟಿದ್ದಲ್ಲ. 1953ರ ಅಕ್ಟೋಬರ್ 1ರ ತನಕ ಆದವಾನಿ, ಆಲೂರು, ರಾಯದುರ್ಗ ಮೂರೂ ಬಳ್ಳಾರಿ ಜಿಲ್ಲೆಯ ತಾಲೂಕುಗಳು. ಕಲೆಕ್ಟರ ಕಚೇರಿ ಬಳ್ಳಾರಿಯಲ್ಲಿ, ಎಪ್ಪತ್ತರ ಆಸುಪಾಸು ಕಿಲೋಮೀಟರು. ಆ ದಿನ ಆಂಧ್ರ ರಾಜ್ಯ ಹುಟ್ಟಿತು, ಬಳ್ಳಾರಿ ಮೈಸೂರಿಗೆ ಹೋಯಿತು, ಈ ಮೂರು ತಾಲೂಕು ಆಂಧ್ರಕ್ಕೆ ಬಂದವು. ರಾಯದುರ್ಗ ಅನಂತಪುರಕ್ಕೆ ಸೇರಿತು, ಆದವಾನಿ ಆಲೂರು ಕರ್ನೂಲಿಗೆ ಸೇರಿದವು. ರಾತ್ರಿ ಬೆಳಗಾಗುವುದರೊಳಗೆ ಕಚೇರಿ ನೂರು ಕಿಲೋಮೀಟರು ಮೂಡಣಕ್ಕೆ ಸರಿಯಿತು. ಬೀಗರು ಬಳ್ಳಾರಿ, ಸಿರುಗುಪ್ಪದಲ್ಲೇ ಉಳಿದರು. ಹತ್ತಿ, ಮೆಣಸಿನಕಾಯಿ ವ್ಯಾಪಾರ ಎರಡೂ ಕಡೆ ನಡೆಯಿತು. ವಿಜಯದಾಸರ ಚಿಪ್ಪಗಿರಿಗೂ ರಾಯರ ಮಂತ್ರಾಲಯಕ್ಕೂ ಕನ್ನಡದ ಭಕ್ತರು ಹಾಗೇ ಬಂದರು. ರೈಲು ಗುಂತಕಲ್ಲು-ರಾಯಚೂರಿನ ದಾರಿಯಲ್ಲಿ ಹಾಗೇ ಓಡಿತು. ಅಂದಿನಿಂದ ನಮ್ಮ ಹೊಟ್ಟೆ ಒಂದು ಕಡೆ, ಕಾಗದ ಒಂದು ಕಡೆ.

ವಿಮಾನ ನಿಲ್ದಾಣಗಳೂ ಈ ಕಾಗದದ ದಾರಿಯನ್ನೇ ಹಿಡಿದವು. ತೋರಣಗಲ್ಲಿಗೆ ಬರುವವರ ಲೆಕ್ಕ ಹಾಕುವಾಗ ಬಳ್ಳಾರಿ, ಹೊಸಪೇಟೆ, ಹಂಪಿ, ಕೊಪ್ಪಳ ನೆನಪಾಗುತ್ತವೆ. ಓರ್ವಕಲ್ಲಿನ ಲೆಕ್ಕದಲ್ಲಿ ಕರ್ನೂಲು, ನಂದ್ಯಾಲ. ಒಂದೂವರೆ ಲಕ್ಷ ಜನಸಂಖ್ಯೆ ದಾಟಿದ ಆದವಾನಿ ಎರಡು ಭೂಪಟಗಳ ಅಂಚಿನಲ್ಲಿ ಬಿದ್ದಿದೆ. ಕರ್ನಾಟಕದ ಭೂಪಟ ಹಗರಿಯ ಆಚೆಗೆ ಮುಗಿಯುತ್ತದೆ, ಆಂಧ್ರದ ಭೂಪಟ ಆಲೂರಿನ ಈಚೆಗೆ ಶುರುವಾಗುತ್ತದೆ. ನಡುವಿನ ಮನುಷ್ಯನಿಗೆ ಭೂಪಟ ಇಲ್ಲ. ಆದವಾನಿಯಿಂದ ತೋರಣಗಲ್ಲಿಗೆ ಹೋಗಬೇಕಾದವನು ಬಳ್ಳಾರಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು, ಮುಖ್ಯ ರಸ್ತೆಯಲ್ಲಿ ಇಳಿದು, ಆಟೋದವನನ್ನು ಅಂಗಲಾಚಬೇಕು. ವಿಮಾನದ ಹೊತ್ತಿಗೂ ಬಸ್ಸಿನ ಹೊತ್ತಿಗೂ ಮಾತುಕತೆಯೇ ಇಲ್ಲ.

ಆಗಾಗ ಒಂದು ಕೂಗು ಏಳುತ್ತದೆ: ಆದವಾನಿಗೇ ಒಂದು ವಿಮಾನ ನಿಲ್ದಾಣ ಬರಲಿ ಎಂದು. ಚುನಾವಣೆ ಹತ್ತಿರ ಬಂದಾಗ ಈ ಕೂಗಿಗೆ ಮೈಕು ಸಿಗುತ್ತದೆ. ನನ್ನ ಊರಿಗೆ ಬರುವುದನ್ನು ಬೇಡ ಅನ್ನುವಷ್ಟು ಸಣ್ಣ ಮನಸ್ಸು ನನಗಿಲ್ಲ. ಆದರೆ ಬಾಯಿಗೆ ಬೆಲ್ಲ ಹಚ್ಚಿ ಹೋಗುವವರನ್ನು ನಂಬಬಾರದು. ಇರುವ ನಿಲ್ದಾಣದಿಂದ 150 ಕಿ.ಮೀ. ಒಳಗೆ ಹೊಸದು ಕಟ್ಟಬೇಕಾದರೆ ಕೇಂದ್ರದ ವಿಶೇಷ ಪರಿಶೀಲನೆ ಬೇಕು ಎಂಬುದು 2008ರ ನೀತಿ. ನಮ್ಮ ಎರಡೂ ಮಗ್ಗುಲಿಗೆ ನೂರರೊಳಗೇ ಒಂದೊಂದಿದೆ. ಕಟ್ಟಿದರೂ ಹಾರುವ ಗ್ಯಾರಂಟಿ ಏನು? ಉಡಾನ್ ಬಗ್ಗೆ ಮಹಾಲೇಖಪಾಲರು 2023ರಲ್ಲಿ ಕೊಟ್ಟ ವರದಿ ನೋಡಿ. ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷದ ಅವಧಿ ಪೂರೈಸಿದವು 112. ನೆರವು ನಿಂತ ಮೇಲೂ 2023ರ ಮಾರ್ಚ್ ತನಕ ಉಳಿದವು 54. ರಿಬ್ಬನ್ನು ಕತ್ತರಿಸುವುದಕ್ಕೂ ವಿಮಾನ ಹಾರುವುದಕ್ಕೂ ನಡುವಿನ ದೂರ ಓರ್ವಕಲ್ಲಿನಲ್ಲೇ ಎರಡು ವರ್ಷ ಇತ್ತಲ್ಲ! ಹತ್ತಿ ಬೆಳೆಯುವ ಕರಿ ಭೂಮಿ ಸಾವಿರ ಎಕರೆ ಬಿಟ್ಟುಕೊಟ್ಟು, ಅದರ ಮೇಲೆ ಕುರಿ ಮೇಯುವುದನ್ನು ನೋಡುವ ಭಾಗ್ಯ ನಮಗೆ ಬೇಡ.

ಹಾಗಾದರೆ ಏನು ಬೇಕು? ನಾನು ಕೇಳುವುದು ವಿಮಾನದ ನಲವತ್ತು ನಿಮಿಷ ಅಲ್ಲ, ಬಸ್ಸಿನ ನಲವತ್ತು ನಿಮಿಷ.

ಓರ್ವಕಲ್ಲಿನಲ್ಲಿ ವಿಮಾನ ಇರುವ ದಿನ, ಆದವಾನಿಯಿಂದ ಎಮ್ಮಿಗನೂರು, ಕೋಡುಮೂರಿನ ಮೇಲೆ ನೇರ ನಿಲ್ದಾಣದ ಬಾಗಿಲಿಗೆ ಹೋಗುವ ಒಂದು ಬಸ್ಸು ಬೇಕು. ಇಳಿದವರನ್ನು ಅದೇ ಬಸ್ಸು ಹೊತ್ತು ತರಬೇಕು. ಕರ್ನೂಲಿನಲ್ಲಿ ಇಳಿದು ಹುಡುಕಾಡುವ ಒಂದು ತಾಸು ಅಷ್ಟರಲ್ಲೇ ಉಳಿಯುತ್ತದೆ. ಪಶ್ಚಿಮಕ್ಕೆ ಆದವಾನಿಯಿಂದ ಆಲೂರು, ಬಳ್ಳಾರಿಯ ಮೇಲೆ ತೋರಣಗಲ್ಲಿಗೆ ಇನ್ನೊಂದು. ಇದಕ್ಕೆ ಎರಡು ರಾಜ್ಯಗಳ ಸಾರಿಗೆ ಸಂಸ್ಥೆಗಳು ಒಂದು ಮೇಜಿಗೆ ಕೂರಬೇಕು, ಅಷ್ಟೇ. ಈಗಲೂ ಎರಡೂ ಕಡೆಯ ಬಸ್ಸು ಗಡಿ ದಾಟುತ್ತಿವೆ. ಹೊಸ ಕಾನೂನು ಬೇಕಿಲ್ಲ, ವೇಳಾಪಟ್ಟಿ ಹೊಂದಿಸುವ ಪೆನ್ಸಿಲ್ಲು ಬೇಕು.

ರಸ್ತೆಯೂ ಅಷ್ಟೇ ಮುಖ್ಯ. ಬಳ್ಳಾರಿ ಹತ್ತಿರದ ಹಗರಿಯಿಂದ ಆಲೂರು, ಆದವಾನಿ, ಎಮ್ಮಿಗನೂರು ಹಾದು ರಾಯಚೂರಿನ ಕಡೆ ಹೋಗುವ 167ನೇ ರಾಷ್ಟ್ರೀಯ ಹೆದ್ದಾರಿ ನಮ್ಮ ಬೆನ್ನೆಲುಬು. ಅದು ವರ್ಷವಿಡೀ ಚೆನ್ನಾಗಿದ್ದರೆ ಬಳ್ಳಾರಿಯ ಆಸ್ಪತ್ರೆಗೆ, ರಾಯಚೂರಿನ ಕಾಲೇಜಿಗೆ, ಮಂತ್ರಾಲಯದ ಮಠಕ್ಕೆ ಎಲ್ಲದಕ್ಕೂ ಅರ್ಧ ತಾಸು ಉಳಿಯುತ್ತದೆ. ವಿಮಾನ ಹತ್ತದವನಿಗೂ ಉಳಿಯುತ್ತದೆ. ನೆಲದ ಮೇಲೆ ಉಳಿಸಿದ ಅರ್ಧ ತಾಸು ದಿನಕ್ಕೆ ಸಾವಿರಾರು ಜನರಿಗೆ ಸಿಗುತ್ತದೆ. ಆಕಾಶದಲ್ಲಿ ಉಳಿಸಿದ ಅರ್ಧ ತಾಸು ಎಪ್ಪತ್ತು ಜನರಿಗೆ. ಯಾವುದು ಲಾಭ ಎಂದು ದಲ್ಲಾಳಿ ಅಂಗಡಿಯ ಗುಮಾಸ್ತನೂ ಹೇಳಬಲ್ಲ.

ರೈಲಿನ ಮಾತೂ ಉಂಟು. ನಮ್ಮನ್ನು ನಿಜವಾಗಿ ಬೆಂಗಳೂರಿಗೆ ಮುಟ್ಟಿಸುವುದು ಅದೇ. ಹಗಲು ಹೊತ್ತಿನಲ್ಲಿ ಮುದುಕರು, ರೋಗಿಗಳು ಕೂತು ಹೋಗುವಂತೆ ಸೀಟು ಸಿಗುವ ಒಂದು ರೈಲು ಬಂದರೆ, ಆ ದಿನ ನನ್ನ ನೆರೆಯ ಹಿರಿಯರು ನನ್ನ ಮಾತು ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ರಾಯಚೂರಿನ ಯರಮರಸಿನಲ್ಲಿ ವಿಮಾನ ನಿಲ್ದಾಣದ ಯೋಜನೆ ವರ್ಷಗಳಿಂದ ಇದೆ. ಅದು ಬರುವುದಾದರೆ ಅದರ ಲೆಕ್ಕದಲ್ಲಾದರೂ ಗಡಿಯಾಚೆಯ ಮಂತ್ರಾಲಯ, ಕೋಸಿಗಿ, ಆದವಾನಿಯ ಜನ ಮೊದಲೇ ಇರಲಿ. ಆದವಾನಿಗೂ ರಾಯಚೂರಿಗೂ ನಡುವೆ ರೈಲೇ ಇದೆ. ವೇಳೆ ಹೊಂದಿಸಿದರೆ ಮುಗಿಯಿತು.

ಕನ್ನಡದ ಜನ ಗಡಿಯ ಆಚೆ ಇದ್ದಾರೆ ಎಂದು ನವೆಂಬರ್ ಒಂದರ ಭಾಷಣದಲ್ಲಿ ಎಲ್ಲರೂ ನೆನೆಯುತ್ತಾರೆ, ಸಂತೋಷ. ಆದರೆ ಭಾಷೆಯ ಅಭಿಮಾನ ಒಂದು ಬಸ್ಸಿನ ವೇಳಾಪಟ್ಟಿಯಷ್ಟೂ ಕೆಲಸ ಮಾಡದಿದ್ದರೆ ಅದು ಹಾರಕ್ಕೆ ಹಾಕಿದ ಹೂವು, ಸಂಜೆಗೆ ಬಾಡುತ್ತದೆ. ಅತ್ತ ಆಂಧ್ರ ಸರಕಾರದವರಿಗೂ ಒಂದು ಮಾತು: ಪಶ್ಚಿಮ ಕರ್ನೂಲು ಹಿಂದುಳಿದಿದೆ ಎಂದು ವರದಿ ಬರೆಯುವಾಗ, ಈ ಸೀಮೆಗೆ ಹತ್ತಿರದ ದೊಡ್ಡ ಊರು ಬಳ್ಳಾರಿ, ಹತ್ತಿರದ ಮಹಾನಗರ ಬೆಂಗಳೂರು ಅಥವಾ ಹೈದರಾಬಾದು ಎಂಬುದನ್ನು ಒಪ್ಪಿಕೊಂಡು ದಾರಿ ಮಾಡಿಕೊಡಿ. ಗಡಿ ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಗಡಿಗೆ ತಗಲುವ ಹೊತ್ತನ್ನು ಕಡಿಮೆ ಮಾಡಿ ಎಂದು ಕೇಳುತ್ತಿದ್ದೇನೆ.

ಆ ಹುಡುಗ ನಿನ್ನೆ ಮತ್ತೆ ಬಂದಿದ್ದ. "ಸಾರ್, ಲೆಕ್ಕ ಹಾಕಿದ್ರೇನು?" ಎಂದ. ಹಾಕಿದೆ ಕಣಯ್ಯಾ ಎಂದು ಹಾಳೆ ತೋರಿಸಿದೆ. ಹೊಸ್ತಿಲಿನಿಂದ ಹೊಸ್ತಿಲಿಗೆ ಎಂಟೂವರೆ ತಾಸು. ಓದಿ ಸುಮ್ಮನಾದ. ಆಮೇಲೆ, "ಇದನ್ನ ಫೋನಿನಾಗ ಯಾಕ ತೋರಸಂಗಿಲ್ಲ ಸಾರ್?" ಎಂದು ಕೇಳಿದ.

ಫೋನಿಗೆ ನಮ್ಮ ಮನೆ ಗೊತ್ತಿಲ್ಲ, ಅದಕ್ಕೆ. ಆದರೆ ಸರಕಾರಗಳಿಗೆ ಗೊತ್ತಿರಬೇಕು. ಕಟ್ಟೆಯ ಮೇಲೆ ಕೂತ ಆ ಹಿರಿಯರು ಈ ಪುಟ ಓದುತ್ತಾರೆ. ಅವರಿಗೆ ಹೇಳುತ್ತೇನೆ: ಅಣ್ಣಾ, ಆ ತಾಸು ನಮ್ಮದಾಗಿರಲಿಲ್ಲ. ಗೊತ್ತಿಲ್ಲದೆ ನಿಮಗೆ ಕೊಟ್ಟೆ, ಕ್ಷಮಿಸಿ. ಇನ್ನೊಬ್ಬರಿಗೆ ಹಾಗಾಗದಿರಲಿ ಎಂದು ಇದನ್ನು ಬರೆದಿದ್ದೇನೆ.